ನಾಳೆಗೆ ಒತ್ತೆಯಿಟ್ಟ ಶಾಲೆ: ಜಾನ್ ಡ್ಯೂಯಿ ಎತ್ತಿದ ಪ್ರಶ್ನೆಗಳು



ಶಿಕ್ಷಣದ ಸಮಸ್ಯೆಗಳ ಬಗ್ಗೆ ಮಾತು ಶುರುವಾದರೆ ಪಟ್ಟಿ ತಾನಾಗಿ ಬೆಳೆಯುತ್ತದೆ. ಕೊಠಡಿ ಸಾಲದು, ಶಿಕ್ಷಕರು ಸಾಲದು, ಪಠ್ಯ ಭಾರ, ಪರೀಕ್ಷೆಯ ಭಯ, ಮಾಧ್ಯಮದ ಜಗಳ, ಶುಲ್ಕದ ಹೊರೆ. ಇವೆಲ್ಲ ನಿಜವಾದ ಸಮಸ್ಯೆಗಳೇ. ಆದರೆ ನಾಳೆ ಬೆಳಿಗ್ಗೆ ಇವೆಲ್ಲ ಪರಿಹಾರವಾದವು ಎಂದಿಟ್ಟುಕೊಂಡರೂ ಒಂದು ಪ್ರಶ್ನೆ ಉಳಿದೇ ಇರುತ್ತದೆ: ಶಾಲೆ ಇರುವುದು ಯಾತಕ್ಕೆ? ಎಲ್‌ಕೆಜಿ ಇರುವುದು ಒಂದನೆಯ ತರಗತಿಗೆ, ಪ್ರಾಥಮಿಕ ಶಾಲೆ ಹೈಸ್ಕೂಲಿಗೆ, ಎಸ್ಸೆಸ್ಸೆಲ್ಸಿ ಪಿಯುಸಿಗೆ, ಪಿಯುಸಿ ಸಿಇಟಿಗೆ ಮತ್ತು ನೀಟ್‌ಗೆ, ಪದವಿ ಮತ್ತೊಂದು ಸ್ಪರ್ಧಾತ್ಮಕ ಪರೀಕ್ಷೆಗೆ. ಮಗು ಇವತ್ತು ಕಲಿತದ್ದು ಇವತ್ತಿನ ಅದರ ಬದುಕಿಗೆ ಏನು ಕೊಟ್ಟಿತು ಎಂದು ಕೇಳುವವರೇ ಇಲ್ಲ. ಬಾಲ್ಯವನ್ನು ನಾಳೆಯ ಹತ್ತಿರ ಒತ್ತೆಯಿಟ್ಟಿದ್ದೇವೆ. ಬಿಡಿಸಿಕೊಳ್ಳುವ ಗಡುವು ಮಾತ್ರ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ.

ಈ ಪ್ರಶ್ನೆಯನ್ನು ನೂರಿಪ್ಪತ್ತೈದು ವರ್ಷಗಳ ಹಿಂದೆಯೇ, ಸ್ವತಃ ಒಂದು ಶಾಲೆಯನ್ನು ಕಟ್ಟಿ ನಡೆಸುತ್ತ ಎತ್ತಿದವರು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ. 1859ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಹುಟ್ಟಿ, 1952ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡವರು. ನಮ್ಮಲ್ಲಿ ಬಿ.ಎಡ್. ಓದಿದವರಿಗೆಲ್ಲ ಅವರ ಹೆಸರು ಗೊತ್ತು. ಆದರೆ ನಮ್ಮ ತರಬೇತಿ ಪಠ್ಯಗಳಲ್ಲಿ ಅವರು ‘ಮಾಡಿ ಕಲಿ’ ಎಂಬ ಒಂದೇ ಸೂತ್ರಕ್ಕೆ ಇಳಿದುಹೋಗಿದ್ದಾರೆ. ಆ ಸೂತ್ರದ ಹಿಂದಿರುವ ವಾದ ಬಹಳ ದೊಡ್ಡದು. ಶಿಕ್ಷಣದ ಗುರಿಯನ್ನು ಶಿಕ್ಷಣದಿಂದ ಹೊರಗೆ, ಮಗುವಿನ ಇಂದಿನ ದಿನದಿಂದ ಆಚೆಗೆ ಇಟ್ಟ ಕ್ಷಣವೇ ಶಾಲೆ ಕೆಡುತ್ತದೆ ಎಂಬುದು ಆ ವಾದದ ತಿರುಳು. ಅದು ಇಂದಿನ ಕರ್ನಾಟಕಕ್ಕೂ ಸಲ್ಲುವ ಮಾತೆಂದು ನಾನು ನಂಬಿದ್ದೇನೆ. ಎಲ್ಲಿ ಸಲ್ಲುತ್ತದೆ, ಎಲ್ಲಿ ತಿದ್ದಿಕೊಳ್ಳಬೇಕು ಎಂಬುದನ್ನು ತಮ್ಮ ಮುಂದೆ ಇಡಲು ಅಪ್ಪಣೆ ಬೇಡುತ್ತೇನೆ.

ಡ್ಯೂಯಿ 1894ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಬಂದಾಗ ಆ ನಗರ ಪುಲ್‌ಮನ್ ರೈಲ್ವೆ ಮುಷ್ಕರದ ಬಿಸಿಯಲ್ಲಿತ್ತು. ಯುರೋಪಿನ ಮೂಲೆಮೂಲೆಗಳಿಂದ ವಲಸೆ ಬಂದ ಕೂಲಿಗಳು, ಕಸಾಯಿಖಾನೆಗಳು, ಉಕ್ಕಿನ ಕಾರ್ಖಾನೆಗಳು, ಇಕ್ಕಟ್ಟಿನ ಓಣಿಗಳು. ಜೇನ್ ಆಡಮ್ಸ್ ಎಂಬ ಮಹಾತಾಯಿ ಆ ಓಣಿಗಳ ನಡುವೆ ವಲಸಿಗರಿಗಾಗಿ ‘ಹಲ್ ಹೌಸ್’ ಎಂಬ ಸೇವಾಕೇಂದ್ರ ನಡೆಸುತ್ತಿದ್ದರು. ಡ್ಯೂಯಿ ಅಲ್ಲಿಗೆ ಹೋಗಿ ಬಂದು ಮಾಡುತ್ತಿದ್ದರು. ಅವರು ಗಮನಿಸಿದ ಸಂಗತಿ ಸರಳವಾದದ್ದು. ಒಂದೆರಡು ತಲೆಮಾರುಗಳ ಹಿಂದಿನ ಅಮೆರಿಕನ್ ಮನೆಯಲ್ಲಿ ಮೇಣದ ಬತ್ತಿ, ಸಾಬೂನು, ಬಟ್ಟೆ, ಮರದ ಸಾಮಾನು ಎಲ್ಲವೂ ಮನೆಯಲ್ಲೋ ಪಕ್ಕದ ಕುಲುಮೆಯಲ್ಲೋ ತಯಾರಾಗುತ್ತಿದ್ದವು. ಮಗು ಅದನ್ನು ನೋಡುತ್ತಿತ್ತು, ಕೈಜೋಡಿಸುತ್ತಿತ್ತು. ವಸ್ತು ಎಲ್ಲಿಂದ ಬರುತ್ತದೆ, ಒಂದು ಕೆಲಸ ತಪ್ಪಿದರೆ ಯಾರಿಗೆ ತೊಂದರೆ, ನಾಲ್ಕು ಜನ ಹೇಗೆ ಹೊಂದಿಕೊಂಡು ಮಾಡಬೇಕು ಎಂಬುದನ್ನು ಬದುಕೇ ಕಲಿಸುತ್ತಿತ್ತು. ಶಾಲೆ ಬರೀ ಅಕ್ಷರ, ಲೆಕ್ಕ ಕಲಿಸಿದರೂ ನಡೆಯುತ್ತಿತ್ತು, ಉಳಿದದ್ದನ್ನು ಮನೆ ನೋಡಿಕೊಳ್ಳುತ್ತಿತ್ತಲ್ಲ. ಕಾರ್ಖಾನೆ ಬಂದು ಆ ಕೆಲಸಗಳನ್ನೆಲ್ಲ ಮನೆಯಿಂದ ಎತ್ತಿಕೊಂಡು ಹೋಯಿತು. ಶಾಲೆ ಮಾತ್ರ ಹಳೆಯ ಹಾಗೆಯೇ ಪುಸ್ತಕ ಹಿಡಿದುಕೊಂಡು ಕೂತಿತು.

ನಮ್ಮಲ್ಲಿ ಇದೇ ಬದಲಾವಣೆ ನಮ್ಮ ಕಣ್ಣೆದುರಿಗೆ ನಡೆದಿದೆ. ಕಣ, ಕುಲುಮೆ, ಮಗ್ಗ, ಕುಂಬಾರನ ತಿಗರಿ ಇವುಗಳ ನಡುವೆ ಬೆಳೆದ ಕೊನೆಯ ತಲೆಮಾರು ಈ ಸಭೆಯಲ್ಲಿ ಕೂತಿದೆ. ಆದರೆ ಅಮೆರಿಕದ ಚಿತ್ರಕ್ಕೂ ನಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಯಾವ ಮಗು ಯಾವ ಕೆಲಸ ನೋಡಬೇಕು, ಯಾವ ಕೆಲಸ ಮುಟ್ಟಬೇಕು ಎಂಬುದನ್ನು ಜಾತಿ ಮೊದಲೇ ಗೊತ್ತುಮಾಡಿಟ್ಟಿತ್ತು. ಈ ಮಾತಿಗೆ ಆಮೇಲೆ ಬರುತ್ತೇನೆ.

1896ರ ಜನವರಿಯಲ್ಲಿ ಡ್ಯೂಯಿ 16 ಮಕ್ಕಳು, ಇಬ್ಬರು ಶಿಕ್ಷಕರೊಂದಿಗೆ ವಿಶ್ವವಿದ್ಯಾನಿಲಯದ ಪ್ರಯೋಗ ಶಾಲೆಯನ್ನು ಶುರುಮಾಡಿದರು. ಅದಕ್ಕೆ ಪೀಠೋಪಕರಣ ಹುಡುಕುತ್ತ ನಗರದ ಅಂಗಡಿಗಳನ್ನು ಸುತ್ತಿದ ಪ್ರಸಂಗವನ್ನು ಅವರು 1899ರಲ್ಲಿ ಪ್ರಕಟವಾದ ‘ದಿ ಸ್ಕೂಲ್ ಅಂಡ್ ಸೊಸೈಟಿ’ ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಮಕ್ಕಳ ಮೈಗೆ ಒಗ್ಗುವ, ಅವರ ಕೈಕೆಲಸಕ್ಕೆ ಒದಗುವ ಮೇಜು, ಕುರ್ಚಿಗಳನ್ನು ಕೇಳಿದರೆ ಎಲ್ಲೂ ಸಿಗಲಿಲ್ಲ. ಕೊನೆಗೆ ಒಬ್ಬ ಜಾಣ ಅಂಗಡಿಯವನು ಅವರ ಬೇಡಿಕೆಯ ಗುಟ್ಟು ಹಿಡಿದು, ನಿಮಗೆ ಬೇಕಾದದ್ದು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಕೂತು ಕೇಳಿಸಿಕೊಳ್ಳುವುದಕ್ಕೆ ಮಾಡಿದವು ಎಂಬರ್ಥದ ಮಾತು ಹೇಳಿದನಂತೆ. ಆ ಮಾತಿನಲ್ಲಿ ಇಡೀ ಶಾಲಾ ವ್ಯವಸ್ಥೆಯ ಕಥೆ ಇದೆ ಎಂದು ಡ್ಯೂಯಿಗೆ ತೋರಿತು. ಸಾಲಾಗಿ ನೆಲಕ್ಕೆ ಕಚ್ಚಿ ಕೂತ ಬೆಂಚು, ಮೇಲೆ ಒಂದು ಪುಸ್ತಕ ಮತ್ತು ಸ್ಲೇಟಿಗೆ ಸಾಲುವಷ್ಟೇ ಜಾಗ, ಎದುರಿಗೆ ಒಬ್ಬ ಮೇಷ್ಟ್ರು. ಅಂಥ ಕೋಣೆಯಲ್ಲಿ ಮಕ್ಕಳನ್ನು ಗುಂಪಾಗಿ ನೋಡಬಹುದು, ಒಬ್ಬೊಬ್ಬರಾಗಿ ನೋಡಲಾಗದು. ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ, ಒಂದೇ ಪರೀಕ್ಷೆ ಎಂಬುದು ಆ ಬೆಂಚಿನ ಜೊತೆಗೇ ಬಂದುಬಿಡುತ್ತದೆ. ಇವತ್ತು ಅದೇ ಕೋಣೆಗೆ ಸ್ಮಾರ್ಟ್ ಬೋರ್ಡ್ ತಂದು ಗೋಡೆಗೆ ಹಾಕುತ್ತೇವೆ. ಮಗು ಆಗಲೂ ಕೇಳುತ್ತದೆ, ನೋಡುತ್ತದೆ, ಬರೆದುಕೊಳ್ಳುತ್ತದೆ.

ಹಾಗಾದರೆ ಡ್ಯೂಯಿ ಶಾಲೆಯಲ್ಲಿ ಏನು ನಡೆಯುತ್ತಿತ್ತು? ಅಡುಗೆ, ಹೊಲಿಗೆ, ನೇಯ್ಗೆ, ಮರಗೆಲಸ. ಇದನ್ನು ಕೇಳಿದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ವಾರಕ್ಕೊಂದು ‘ಕ್ರಾಫ್ಟ್’ ಪೀರಿಯಡ್. ಅಲ್ಲಿ ನಡೆದದ್ದು ಬೇರೆ. ಡ್ಯೂಯಿ ಕೊಟ್ಟ ಒಂದು ವಿವರವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಕ್ಕಳ ಕೈಗೆ ಗಿಡದಿಂದ ಬಿಡಿಸಿದ ಹತ್ತಿಯನ್ನೂ ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯನ್ನೂ ಕೊಟ್ಟರು. ಎರಡನ್ನೂ ಬಟ್ಟೆಯ ದೃಷ್ಟಿಯಿಂದ ಪರೀಕ್ಷಿಸುವುದು ಕೆಲಸ. ತಮ್ಮ ಹಿಂದಿನವರು ಹತ್ತಿಗಿಂತ ಉಣ್ಣೆಯನ್ನು ಮೊದಲು ಏಕೆ ಬಳಸಿದರು ಎಂಬ ಪ್ರಶ್ನೆ ಎದ್ದಿತು. ಉತ್ತರವನ್ನು ಮೇಷ್ಟ್ರು ಹೇಳಲಿಲ್ಲ. ಮಕ್ಕಳು ಕೂತು ಹತ್ತಿಯಿಂದ ಕಾಳು ಬಿಡಿಸತೊಡಗಿದರು. ಮಕ್ಕಳ ಒಂದು ಗುಂಪು ಅರ್ಧ ಗಂಟೆ ದುಡಿದರೂ ಸಿಕ್ಕ ಅರಳೆ ಒಂದು ಔನ್ಸೂ ಇರಲಿಲ್ಲ. ಕೈಯಲ್ಲಿ ಬಿಡಿಸಿದರೆ ಒಬ್ಬ ಆಳಿಗೆ ದಿನಕ್ಕೆ ಒಂದು ಪೌಂಡೇ ಗತಿ ಎಂಬುದು ಅವರಿಗೆ ಬೆರಳಿನ ನೋವಿನಿಂದಲೇ ಅರ್ಥವಾಯಿತು. ಮುಂದೆ ಎಳೆಗಳನ್ನು ಹಿಡಿದು ನೋಡಿದರು: ಹತ್ತಿಯ ಎಳೆ ಚಿಕ್ಕದು, ನುಣುಪು, ಒಂದಕ್ಕೊಂದು ಹಿಡಿಯುವುದಿಲ್ಲ, ಉಣ್ಣೆಯದು ಉದ್ದ, ಒರಟು, ಹೊಸೆದರೆ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ನೂಲುವ ಸಾಧನಗಳು, ಅಲ್ಲಿಂದ ಯಂತ್ರಗಳು, ಯಂತ್ರಗಳಿಂದ ಇತಿಹಾಸ, ನಕ್ಷೆ, ವ್ಯಾಪಾರ, ಭೌತಶಾಸ್ತ್ರ. ಮಕ್ಕಳು ಎಲ್ಲವನ್ನೂ ಮೊದಲಿನಿಂದ ಕಂಡುಹಿಡಿದರು ಎಂದಲ್ಲ. ಶಿಕ್ಷಕರ ಪ್ರಶ್ನೆಗಳು, ಸೂಚನೆಗಳು ಪ್ರತಿ ಹೆಜ್ಜೆಗೂ ಇದ್ದವು. ಅಡುಗೆಮನೆಯಲ್ಲೂ ಹೀಗೆಯೇ. ಮೊಟ್ಟೆ ಬೇಯಿಸುವುದೆಂದರೆ ನೀರು ಯಾವ ಬಿಸಿಗೆ ಬಂದಾಗ ಅದರ ಬಿಳಿ ಗಟ್ಟಿಯಾಗುತ್ತದೆ ಎಂದು ಅಳೆದು ನೋಡುವುದು. ಅಡುಗೆ ಪುಸ್ತಕದ ಸೂಚನೆ ಪಾಲಿಸುವುದು ಒಂದು, ಆ ಸೂಚನೆ ಏಕೆ ಸರಿ ಎಂದು ತಿಳಿಯುವುದು ಇನ್ನೊಂದು. ಡ್ಯೂಯಿ ಕೈಕೆಲಸವನ್ನು ಶಾಲೆಗೆ ತಂದದ್ದು ಈ ಎರಡನೆಯದಕ್ಕಾಗಿ.

ಈ ಹತ್ತಿಯ ಪಾಠವನ್ನು ನಮ್ಮ ನಾಡಿನಲ್ಲಿ ಮಾಡಿದರೆ ಏನಾಗುತ್ತದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಾವೇರಿಯದೋ ಗದುಗಿನದೋ ಧಾರವಾಡದ್ದೋ ಒಂದು ಹಳ್ಳಿಯ ಮಗುವಿಗೆ ಹತ್ತಿ ತೋರಿಸಬೇಕಾಗಿಲ್ಲ, ಅದು ಹತ್ತಿಯ ಹೊಲದಲ್ಲೇ ಬೆಳೆದಿದೆ. ಆದರೆ ಷಿಕಾಗೊದ ಪ್ರಶ್ನೆಯನ್ನು ಆ ಮಗುವಿಗೆ ಹಾಗೇ ಕೇಳಿದರೆ ಪಾಠ ಸುಳ್ಳಾಗುತ್ತದೆ. ನಮ್ಮ ಪೂರ್ವಿಕರು ಉಣ್ಣೆಗಾಗಿ ಹತ್ತಿಯನ್ನು ಬದಿಗಿಟ್ಟವರಲ್ಲ, ಸಾವಿರಾರು ವರ್ಷ ಹತ್ತಿಯನ್ನೇ ಉಟ್ಟವರು. ಹಾಗಾದರೆ ಅಷ್ಟೊಂದು ಕಾಳನ್ನು ಹೇಗೆ ತೆಗೆಯುತ್ತಿದ್ದರು? ಯಾವ ಉರುಳೆ, ಯಾರ ಕೈ, ಯಾರ ದುಡಿಮೆ? ಹೆಂಗಸರು ಎಷ್ಟು ದುಡಿದರು, ಅವರಿಗೆ ಎಷ್ಟು ಸಿಕ್ಕಿತು? 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಧಾರವಾಡದ ಕರಿಮಣ್ಣಿಗೆ ಏಕೆ ತಂದರು? ಅದರ ಜೊತೆಗೆ ಕಾಳು ಬಿಡಿಸುವ, ಗರಗಸದ ಹಲ್ಲಿನ ಅಮೆರಿಕನ್ ಜಿನ್ನು ಯಂತ್ರ ಏಕೆ ಬಂತು? ‘ಧಾರವಾಡ್ ಅಮೆರಿಕನ್’ ಎಂಬ ಹೆಸರಿನ ಹತ್ತಿ ಇಲ್ಲಿಂದ ಹಡಗು ಹತ್ತಿ ಮ್ಯಾಂಚೆಸ್ಟರಿನ ಗಿರಣಿಗೆ ಹೋದದ್ದು ಹೇಗೆ? ಒಂದೇ ವಸ್ತು, ಬೇರೆ ಊರು, ಬೇರೆ ಪ್ರಶ್ನೆ. ನಾವು ಡ್ಯೂಯಿಯಿಂದ ಪಾಠವನ್ನು ಎರವಲು ತರಲಾಗದು, ಪಾಠ ಹುಟ್ಟುವ ಕ್ರಮವನ್ನು ತರಬಹುದು. ಆ ಕ್ರಮಕ್ಕೆ ಬೇಕಾದದ್ದು ತನ್ನ ಊರನ್ನು ಬಲ್ಲ ಒಬ್ಬ ಶಿಕ್ಷಕ ಮತ್ತು ಆ ಶಿಕ್ಷಕನಿಗೆ ನಾಲ್ಕು ವಾರದ ಬಿಡುವು. ಇವೆರಡೂ ನಮ್ಮ ವೇಳಾಪಟ್ಟಿಯಲ್ಲಿ ಇಲ್ಲ.

ಈಗ ಗುರಿಯ ಪ್ರಶ್ನೆಗೆ ಬರೋಣ. 1916ರಲ್ಲಿ ಡ್ಯೂಯಿಯವರ ಪ್ರಧಾನ ಕೃತಿ ‘ಡೆಮಾಕ್ರಸಿ ಅಂಡ್ ಎಜುಕೇಷನ್’ ಹೊರಬಂತು. ಶಿಕ್ಷಣವೆಂದರೆ ಅನುಭವವನ್ನು ಮತ್ತೆ ಮತ್ತೆ ಕಟ್ಟಿಕೊಳ್ಳುವುದು, ಬೆಳವಣಿಗೆಗೆ ಮತ್ತಷ್ಟು ಬೆಳೆಯುವುದರ ಹೊರತು ಬೇರೆ ಗುರಿಯಿಲ್ಲ ಎಂಬುದು ಅಲ್ಲಿನ ವಾದ. ಇದನ್ನು ಕೇಳಿದವರು ಕೂಡಲೇ ಆಕ್ಷೇಪಿಸಿದರು: ಕಳ್ಳನೊಬ್ಬ ಕಳ್ಳತನದಲ್ಲಿ ಬೆಳೆದರೆ ಅದೂ ಶಿಕ್ಷಣವೇ? ಡ್ಯೂಯಿ ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಂಡರು. ಒಂದು ಅನುಭವ ಮುಂದಿನ ಅನುಭವಗಳಿಗೆ ದಾರಿ ತೆರೆಯುತ್ತದೆಯೇ, ಮುಚ್ಚುತ್ತದೆಯೇ ಎಂಬುದೇ ಅಳತೆ. ಮುಚ್ಚುವುದಾದರೆ ಅದು ಎಷ್ಟೇ ಚುರುಕಾಗಿದ್ದರೂ ಶಿಕ್ಷಣವಲ್ಲ.

ಈ ಅಳತೆಗೋಲನ್ನು ನಮ್ಮ ಶಾಲೆಗೆ ಇಟ್ಟು ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತು ತೆಗೆದ ಹುಡುಗಿ, ಫಲಿತಾಂಶ ಬಂದ ದಿನವೇ ಇನ್ನು ಗಣಿತದ ಸಹವಾಸ ಬೇಡ ಎನ್ನುತ್ತಾಳೆ. ಮಾಧ್ಯಮಿಕ ಶಾಲೆಯ ಅಧ್ಯಾಪಕರೆಲ್ಲರೂ ಇಂಥವರನ್ನು ಕಂಡಿದ್ದಾರೆ. ಅವಳು ಗಣಿತ ಕಲಿತಳು. ಅದರ ಜೊತೆಗೇ ಗಣಿತವೆಂದರೆ ಬೇಸರ ಎಂಬುದನ್ನೂ ಕಲಿತಳು. ಪಾಠದ ಪಕ್ಕದಲ್ಲೇ ನಡೆಯುವ ಈ ಎರಡನೆಯ ಕಲಿಕೆ ಅನೇಕ ವೇಳೆ ಪಾಠಕ್ಕಿಂತ ಮುಖ್ಯ ಎಂದು ಡ್ಯೂಯಿ 1938ರಲ್ಲಿ ಎಚ್ಚರಿಸಿದರು. ಮುಂದೆಯೂ ಕಲಿಯುತ್ತಲೇ ಇರಬೇಕೆಂಬ ಆಸೆಯೇ ಸತ್ತರೆ ಕಲಿತ ವಿಷಯದಿಂದ ಏನು ಪ್ರಯೋಜನ? ಅಂಕಪಟ್ಟಿಯಲ್ಲಿ ಈ ಎರಡನೆಯ ಕಲಿಕೆಗೆ ಕಾಲಂ ಇಲ್ಲ, ಆದ್ದರಿಂದ ನಾವು ಅದನ್ನು ಕಾಣುವುದೇ ಇಲ್ಲ. ಮುಂದಿನದಕ್ಕೆ ತಯಾರಿ ಬೇಡವೆಂದು ಡ್ಯೂಯಿ ಎಂದೂ ಹೇಳಲಿಲ್ಲ. ಇಂದಿನ ಅನುಭವದಿಂದ ತೆಗೆಯಬಹುದಾದ ಸಾರವನ್ನೆಲ್ಲ ಇಂದೇ ತೆಗೆದವನು ಮಾತ್ರ ನಾಳೆಗೆ ತಯಾರಾಗುತ್ತಾನೆ ಎಂದರು.

ಭಾರತದಲ್ಲಿ ಈ ಸಂಕಟವನ್ನು ಸಂಸತ್ತಿನವರೆಗೆ ಒಯ್ದವರು ಮೈಸೂರಿನ ಆರ್.ಕೆ. ನಾರಾಯಣ್. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ ಅವರು ಮಾಡಿದ ಮೊದಲ ಭಾಷಣದ ವಿಷಯ ಶಾಲಾ ಮಕ್ಕಳ ಬೆನ್ನಿನ ಚೀಲ. ಮುಂದೆ ಯಶ್‌ಪಾಲ್ ಸಮಿತಿ ನೇಮಕವಾಯಿತು. 1993ರಲ್ಲಿ ಬಂದ ಅದರ ವರದಿ ಚೀಲದ ತೂಕದ ಬಗ್ಗೆ ಮಾತಾಡಿ ಅಲ್ಲಿಗೇ ನಿಲ್ಲಲಿಲ್ಲ. ಅರ್ಥವಾಗದೆ ಓದುವ ಹೊರೆಯೇ ಅದಕ್ಕಿಂತ ಹೆಚ್ಚಿನದೆಂದಿತು. ಆ ಮಾತಿಗೆ ಮೂವತ್ತು ವರ್ಷ ಕಳೆದಿವೆ. ಐದನೆಯ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರರು ಎಂದು ‘ಅಸರ್’ ಸಮೀಕ್ಷೆಗಳು ಮತ್ತೆ ಮತ್ತೆ ಹೇಳುತ್ತ ಬಂದಿವೆ. ಇದಕ್ಕೆ ಆಡಳಿತದ ಮೊದಲ ಪ್ರತಿಕ್ರಿಯೆ ಸಾಮಾನ್ಯವಾಗಿ ಇನ್ನೊಂದು ಪರೀಕ್ಷೆ. ಡ್ಯೂಯಿ ಕಾಲದಲ್ಲೂ ಹೀಗೇ ಆಯಿತು. ಷಿಕಾಗೊ ಬಿಟ್ಟು ಅವರು ಸೇರಿದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅವರ ಪಕ್ಕದಲ್ಲೇ ಇದ್ದ ಎಡ್ವರ್ಡ್ ಥಾರ್ನ್‌ಡೈಕ್ ಕಲಿಕೆಯನ್ನು ಅಂಕಿಗಳಲ್ಲಿ ಅಳೆಯುವ ಶಾಸ್ತ್ರವನ್ನು ಕಟ್ಟಿದರು. ಇಪ್ಪತ್ತನೆಯ ಶತಮಾನದ ಅಮೆರಿಕನ್ ಶಿಕ್ಷಣದಲ್ಲಿ ಗೆದ್ದವರು ಥಾರ್ನ್‌ಡೈಕ್, ಸೋತವರು ಡ್ಯೂಯಿ ಎಂದು ಅಲ್ಲಿನ ಶಿಕ್ಷಣ ಇತಿಹಾಸಕಾರರೊಬ್ಬರು ತೀರ್ಪು ಕೊಟ್ಟಿದ್ದಾರೆ. ಅಳೆಯುವುದು ಸುಲಭ, ಅಗ್ಗ. ಲಕ್ಷಾಂತರ ಮಕ್ಕಳನ್ನು ಒಂದೇ ದಿನ ಅಳೆಯಬಹುದು. ಅಳತೆ ಬೇಡವೆಂದು ನಾನು ಹೇಳಲಾರೆ. ‘ಅಸರ್’ ಅಳೆಯದಿದ್ದರೆ ಓದು ಬಾರದ ಆ ಮಕ್ಕಳು ನಮಗೆ ಕಾಣುತ್ತಲೇ ಇರಲಿಲ್ಲ. ಆದರೆ ಜ್ವರ ಅಳೆದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ ಎಂಬುದನ್ನು ನೀತಿ ಬರೆಯುವವರು ಮರೆಯಬಾರದು.

ಬಂಧುಗಳೇ, ಡ್ಯೂಯಿಯವರ ಹೆಸರಿನಲ್ಲೇ ಡ್ಯೂಯಿಗೆ ಅನ್ಯಾಯವಾದ ಕಥೆಯೂ ಉಂಟು. ಅವರ ಶಿಷ್ಯ ಹಾಗೂ ಸಹೋದ್ಯೋಗಿ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ‘ಪ್ರಾಜೆಕ್ಟ್ ಪದ್ಧತಿ’ಯ ಮೇಲೆ ಬರೆದ ಲೇಖನ ಜಗತ್ತಿನಾದ್ಯಂತ ಹರಡಿತು. ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಎಷ್ಟೋ ‘ಪ್ರಗತಿಶೀಲ’ ಶಾಲೆಗಳಲ್ಲಿ ಮಕ್ಕಳು ತಮಗೆ ತೋಚಿದ್ದನ್ನು ಮಾಡುವುದೇ ಶಿಕ್ಷಣವೆಂದಾಯಿತು. 1938ರ ‘ಎಕ್ಸ್‌ಪೀರಿಯೆನ್ಸ್ ಅಂಡ್ ಎಜುಕೇಷನ್’ ಎಂಬ ಚಿಕ್ಕ ಪುಸ್ತಕದಲ್ಲಿ ಎಪ್ಪತ್ತೆಂಟು ವರ್ಷದ ಡ್ಯೂಯಿ ತಮ್ಮ ಅನುಯಾಯಿಗಳನ್ನೇ ತರಾಟೆಗೆ ತೆಗೆದುಕೊಂಡರು. ಹಳೆಯದನ್ನು ಬಿಟ್ಟ ಮಾತ್ರಕ್ಕೆ ಹೊಸದು ಕಟ್ಟಿದಂತಾಗುವುದಿಲ್ಲ. ಎಲ್ಲ ಅನುಭವವೂ ಶಿಕ್ಷಣವಲ್ಲ. ಮಗುವಿನ ಇಂದಿನ ಆಸಕ್ತಿಯಿಂದ ಹೊರಟು ಸುಸಂಬದ್ಧ ಜ್ಞಾನದವರೆಗೆ ಒಯ್ಯದ ಚಟುವಟಿಕೆ ಬರೀ ಕಾಲಹರಣ. ನಮ್ಮ ಶಾಲೆಗಳ ‘ಪ್ರಾಜೆಕ್ಟ್’ ಈ ಎಚ್ಚರಿಕೆಯನ್ನು ಕೇಳಿಸಿಕೊಳ್ಳಬೇಕು. ಸ್ಟೇಷನರಿ ಅಂಗಡಿಯಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ ಸಿದ್ಧವಾಗಿ ಸಿಗುತ್ತದೆ, ಚಾರ್ಟು ಅಪ್ಪ ಬರೆಯುತ್ತಾರೆ, ಹಿಂದಿನ ರಾತ್ರಿ ಅಮ್ಮ ಅಂಟಿಸುತ್ತಾರೆ. ಮಗುವಿಗೆ ಅದರಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ, ಆದ್ದರಿಂದ ಯಾವ ಉತ್ತರವೂ ಸಿಗಲಿಲ್ಲ.

ಇದಕ್ಕೆ ಎದುರಾಗಿ ಕರ್ನಾಟಕದಲ್ಲೇ ನಡೆದ ಒಂದು ಗಂಭೀರ ಪ್ರಯತ್ನವನ್ನು ಗೌರವದಿಂದ ನೆನೆಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ‘ನಲಿ ಕಲಿ’ಯನ್ನು ಕಟ್ಟಿದರು. ಕಲಿಕಾ ಏಣಿ, ಕಾರ್ಡುಗಳು, ಮೇಲೆ ತೂಗುವ ಚಪ್ಪರ, ಗೋಡೆಯ ಕೆಳಭಾಗದಲ್ಲಿ ಮಗುವಿಗೆ ಎಟಕುವ ಕಪ್ಪು ಹಲಗೆ, ದುಂಡಗೆ ಕೂತ ಗುಂಪುಗಳು. ಬೆಂಚು ಹೋಯಿತು, ಮೇಷ್ಟ್ರು ಮಕ್ಕಳ ಮಟ್ಟಕ್ಕೆ ನೆಲದ ಮೇಲೆ ಕೂತರು, ಒಂದೊಂದು ಮಗು ತನ್ನ ವೇಗದಲ್ಲಿ ಏಣಿ ಹತ್ತಿತು. 2009-10ರಿಂದ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹಬ್ಬಿದಾಗ ಏನಾಯಿತು ಎಂಬುದೂ ಮುಖ್ಯ. ಮೊದಲು ಹಾಡು, ಕಾರ್ಡುಗಳನ್ನು ಸ್ವತಃ ಶಿಕ್ಷಕರೇ ಬರೆದಿದ್ದರು. ಮುಂದೆ ಅವು ಅಚ್ಚಾಗಿ ಮೇಲಿನಿಂದ ಬಂದವು. ತಾನು ಕಟ್ಟಿದ ಏಣಿಯನ್ನು ಶಿಕ್ಷಕಿ ಬೇಕಾದಾಗ ಬದಲಾಯಿಸುತ್ತಾಳೆ. ಕಳಿಸಿಕೊಟ್ಟ ಏಣಿಯನ್ನು ಭರ್ತಿಮಾಡಿ ದಾಖಲೆ ಇಡುತ್ತಾಳೆ. ಕ್ರಮ ಅದೇ, ಚಪ್ಪರ ಅದೇ, ಜೀವ ಮಾತ್ರ ತೆಳುವಾಗುತ್ತದೆ. ಎಲ್ಲೆಲ್ಲಿ ಅದು ಇಂದಿಗೂ ಚೆನ್ನಾಗಿ ನಡೆದಿದೆಯೋ ಅಲ್ಲಿ ಒಬ್ಬ ಶಿಕ್ಷಕಿ ಅದನ್ನು ತನ್ನದಾಗಿಸಿಕೊಂಡಿರುತ್ತಾಳೆ.

ಕೌಶಲ ಶಿಕ್ಷಣದ ಬಗ್ಗೆ ಎರಡು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವೃತ್ತಿ ಕೌಶಲಕ್ಕೆ ಒತ್ತು ಕೊಟ್ಟಿದೆ. ಅಮೆರಿಕದಲ್ಲಿ ಇದೇ ಚರ್ಚೆ 1915ರಲ್ಲಿ ನಡೆಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಆಯುಕ್ತ ಡೇವಿಡ್ ಸ್ನೆಡ್ಡನ್ ಕಾರ್ಖಾನೆಗಳಿಗೆ ಬೇಕಾದ ಕೆಲಸಗಾರರನ್ನು ತಯಾರಿಸುವ ಪ್ರತ್ಯೇಕ ಶಾಲೆಗಳಿರಲಿ ಎಂದರು. ಕೈಕೆಲಸದ ಪರವಾಗಿ ಅಷ್ಟು ಬರೆದ ಡ್ಯೂಯಿ ತಮ್ಮ ಪಕ್ಷದಲ್ಲಿರುತ್ತಾರೆಂದು ನಂಬಿದ್ದ ಸ್ನೆಡ್ಡನ್ನರಿಗೆ ಅವರ ವಿರೋಧ ಕಂಡು ಆಶ್ಚರ್ಯವಾಯಿತು. ಇರುವ ಕೈಗಾರಿಕಾ ವ್ಯವಸ್ಥೆಗೆ ಮಕ್ಕಳನ್ನು ಹೊಂದಿಸುವುದು ಡ್ಯೂಯಿಗೆ ಬೇಕಿರಲಿಲ್ಲ. ಆ ವ್ಯವಸ್ಥೆಯನ್ನು ಅರ್ಥಮಾಡಿಕೊಂಡು ಬದಲಿಸಬಲ್ಲ ಕೆಲಸಗಾರ ಬೇಕಿತ್ತು. ಗಾಂಧೀಜಿ 1937ರಲ್ಲಿ ವರ್ಧಾದಲ್ಲಿ ಮುಂದಿಟ್ಟ ‘ನಯೀ ತಾಲೀಮ್’ ಇದಕ್ಕೆ ಬಹಳ ಹತ್ತಿರದ್ದು, ಒಂದು ಭೇದ ಬಿಟ್ಟು. ಮಕ್ಕಳು ನೂತದ್ದು ಶಾಲೆಯ ಖರ್ಚನ್ನು ತೂಗಿಸಬೇಕೆಂದು ಗಾಂಧೀಜಿ ಬಯಸಿದರು. ಶಾಲೆಯ ಕೈಕೆಲಸ ಸಂಪಾದನೆಯ ಒತ್ತಡದಿಂದ ಮುಕ್ತವಾಗಿರಬೇಕೆಂಬುದು ಡ್ಯೂಯಿಯ ನಿಲುವು. ಈ ವಿಷಯದಲ್ಲಿ ನಾನು ಡ್ಯೂಯಿಯ ಕಡೆ. ಬಡವರ ಮಕ್ಕಳಿಗೆ ಕೌಶಲ, ಉಳ್ಳವರ ಮಕ್ಕಳಿಗೆ ಜ್ಞಾನ ಎಂದು ಹಂಚಿದರೆ ಹಳೆಯ ವರ್ಣವ್ಯವಸ್ಥೆಗೆ ಹೊಸ ಪ್ರಮಾಣಪತ್ರ ಕೊಟ್ಟಂತಾಗುತ್ತದೆ.

ಇಲ್ಲಿ, ಆಗಲೇ ತಡೆದ ಜಾತಿಯ ಮಾತಿಗೆ ಬರಬೇಕು. ಮೊದಲು ಡ್ಯೂಯಿ ಶಾಲೆಗೆ ಬರುತ್ತಿದ್ದವರು ಯಾರೆಂದು ನೋಡೋಣ. ಡ್ಯೂಯಿ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಪ್ರಾಧ್ಯಾಪಕರ, ವೈದ್ಯರ, ವಕೀಲರ ಮನೆಯವರು. 1902ರ ಹೊತ್ತಿಗೆ 140 ಮಕ್ಕಳಿಗೆ 23 ಶಿಕ್ಷಕರಿದ್ದರು. ಮನೆಯಲ್ಲಿ ಪುಸ್ತಕ ಕಂಡ ಮಗುವಿಗೆ ಅಕ್ಷರ ತಡವಾಗಿ ಬಂದರೂ ಬರುತ್ತದೆ. ಮನೆಯಲ್ಲಿ ಅಕ್ಷರವೇ ಇಲ್ಲದ ಮಗುವಿಗೆ ಶಾಲೆ ಅದನ್ನು ನೇರವಾಗಿ, ಶಿಸ್ತಾಗಿ, ಬೇಗ ಕಲಿಸಲೇಬೇಕು. ಆಸಕ್ತಿ ಹುಟ್ಟಲಿ ಎಂದು ಕಾಯುವುದು ಆ ಮಗುವಿಗೆ ಬಗೆಯುವ ದ್ರೋಹ. ಅಮೆರಿಕದ ಕಪ್ಪು ಸಮುದಾಯದ ಶಿಕ್ಷಣ ಚಿಂತಕರು ಈ ಟೀಕೆಯನ್ನು ಬಲವಾಗಿ ಮಂಡಿಸಿದ್ದಾರೆ, ಅದು ನ್ಯಾಯವಾದದ್ದು. ವರ್ಣಭೇದದ ಬಗ್ಗೆ ಡ್ಯೂಯಿ ಬರೆದದ್ದೂ ಕಡಿಮೆ. ಆದರೆ ಅವರ ವಿಚಾರದಲ್ಲಿ ಒಂದು ಬೀಜವಿತ್ತು, ಅದನ್ನು ಬೆಳೆಸಿದವರು ಭಾರತದ ಒಬ್ಬ ವಿದ್ಯಾರ್ಥಿ.

1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದಿದ ಭೀಮರಾವ್ ಅಂಬೇಡ್ಕರ್ ಡ್ಯೂಯಿಯವರ ತರಗತಿಗಳಲ್ಲಿ ಕುಳಿತರು. ‘ಡೆಮಾಕ್ರಸಿ ಅಂಡ್ ಎಜುಕೇಷನ್’ ಹೊರಬಂದ 1916ರಲ್ಲೇ ಅವರು ಅಲ್ಲಿ ಭಾರತದ ಜಾತಿಗಳ ಮೇಲಿನ ತಮ್ಮ ಪ್ರಬಂಧವನ್ನು ಓದಿದರು. ಅವರು ಯಾವ ಶಾಲೆಯಿಂದ ಅಲ್ಲಿಗೆ ಬಂದವರು ಎಂಬುದನ್ನು ನೆನೆಯಬೇಕು. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂರಲು ತನ್ನ ಗೋಣಿತಟ್ಟನ್ನು ತಾನೇ ತರಬೇಕಿತ್ತು, ಸಂಜೆ ತಾನೇ ಒಯ್ಯಬೇಕಿತ್ತು. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಷಿಕಾಗೊದ ಬೆಂಚು ಮಕ್ಕಳನ್ನೆಲ್ಲ ಒಂದೇ ಅಚ್ಚಿಗೆ ಇಳಿಸುತ್ತಿತ್ತು. ನಮ್ಮ ಶಾಲೆಯಲ್ಲಿ ಕೆಲವು ಮಕ್ಕಳಿಗೆ ಆ ಬೆಂಚೂ ಇರಲಿಲ್ಲ.

ಪ್ರಜಾಪ್ರಭುತ್ವವೆಂದರೆ ಬರೀ ಸರ್ಕಾರದ ಒಂದು ಬಗೆಯಲ್ಲ, ಕೂಡಿ ಬಾಳುವ ಒಂದು ರೀತಿ ಎಂಬುದು ಡ್ಯೂಯಿಯ ಕಾಣ್ಕೆ. ಒಂದು ಸಮಾಜ ಒಳ್ಳೆಯದೇ ಎಂದು ನೋಡಲು ಅವರು ಎರಡು ಪ್ರಶ್ನೆ ಕೇಳಿದರು. ಅದರ ಸದಸ್ಯರು ಎಷ್ಟು ಬಗೆಯ ಆಸಕ್ತಿಗಳನ್ನು ನಿಜವಾಗಿ ಹಂಚಿಕೊಂಡಿದ್ದಾರೆ? ಬೇರೆ ಗುಂಪುಗಳೊಂದಿಗೆ ಅವರ ಕೊಡುಕೊಳ್ಳುವಿಕೆ ಎಷ್ಟು ಮುಕ್ತವಾಗಿದೆ? ಅಂಬೇಡ್ಕರ್ ಈ ಎರಡು ಪ್ರಶ್ನೆಗಳನ್ನು ಜಾತಿಯ ಮುಂದಿಟ್ಟರು. ಲಾಹೋರಿನ ಸಮ್ಮೇಳನ ರದ್ದಾದ್ದರಿಂದ ಭಾಷಣವಾಗದೆ ಪುಸ್ತಕವಾಗಿ 1936ರಲ್ಲಿ ಅಚ್ಚಾದ ‘ಜಾತಿ ವಿನಾಶ’ದಲ್ಲಿ ಅವರು ಡ್ಯೂಯಿಯವರನ್ನು ತಮ್ಮ ಗುರುಗಳೆಂದು ಹೆಸರಿಸಿ ಋಣವನ್ನು ಒಪ್ಪಿಕೊಂಡಿದ್ದಾರೆ. ಅಲ್ಲಿನ ಬಂಧುತ್ವದ ವಿಚಾರ ಮುಂದೆ ಸಂವಿಧಾನದ ಪ್ರಸ್ತಾವನೆಯವರೆಗೆ ಬಂತು. 1952ರ ಜೂನ್ ತಿಂಗಳಲ್ಲಿ ಗೌರವ ಡಾಕ್ಟರೇಟ್ ಸ್ವೀಕರಿಸಲು ಅಂಬೇಡ್ಕರ್ ನ್ಯೂಯಾರ್ಕಿಗೆ ಹೋದರು. ಅದೇ ದಿನಗಳಲ್ಲಿ ಡ್ಯೂಯಿ ತೀರಿಕೊಂಡಿದ್ದರಿಂದ ಗುರುಶಿಷ್ಯರ ಭೇಟಿ ಆಗಲಿಲ್ಲ.

ಶಿಷ್ಯ ಗುರುವಿಗಿಂತ ಮುಂದೆ ಹೋದದ್ದು ಇಲ್ಲಿ. ಒಳ್ಳೆಯ ಪಾಠಕ್ರಮ ಇದ್ದರೆ ಸಾಲದು, ಆ ಪಾಠವನ್ನು ಯಾರು ಯಾರ ಪಕ್ಕದಲ್ಲಿ ಕೂತು ಕಲಿಯುತ್ತಾರೆ ಎಂಬುದೂ ಶಿಕ್ಷಣದ ಒಳಗಿನ ಪ್ರಶ್ನೆಯೇ. ಇಂದಿನ ನಮ್ಮ ಒಂದು ಸಾಮಾನ್ಯ ತಾಲ್ಲೂಕು ಕೇಂದ್ರವನ್ನು ನೋಡಿ. ಬೆಳಿಗ್ಗೆ ಎಂಟೂವರೆಗೆ ಹಳದಿ ವ್ಯಾನುಗಳು ಕೆಲವು ಮಕ್ಕಳನ್ನು ಒಂದು ದಿಕ್ಕಿಗೆ ಒಯ್ಯುತ್ತವೆ, ಉಳಿದವರು ನಡೆದು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಯಾರ ಮಕ್ಕಳು ಎತ್ತ ಹೋಗುತ್ತಾರೆಂದು ಊರಿನವರಿಗೆಲ್ಲ ಗೊತ್ತು. ಈ ಎರಡು ಸಾಲಿನ ಮಕ್ಕಳು ಜೊತೆಗೆ ಆಡದೆ, ಜಗಳವಾಡದೆ, ಒಂದು ಲೆಕ್ಕವನ್ನೂ ಕೂಡಿ ಬಿಡಿಸದೆ ದೊಡ್ಡವರಾಗುತ್ತಾರೆ. ದಲಿತ ಮಹಿಳೆ ಅಡುಗೆ ಮಾಡಿದರೆಂದು ಮಕ್ಕಳನ್ನು ಬಿಸಿಯೂಟದಿಂದ, ಶಾಲೆಯಿಂದ ಬಿಡಿಸಿದ ವರದಿಗಳು ನಮ್ಮ ರಾಜ್ಯದಿಂದಲೂ ಬಂದಿವೆ. ಡ್ಯೂಯಿಯ ಆ ಎರಡು ಪ್ರಶ್ನೆಗಳಿಗೆ ನಮ್ಮ ಶಾಲಾ ವ್ಯವಸ್ಥೆ ಕೊಡುವ ಉತ್ತರ ಇದು. ಫಲಿತಾಂಶದ ಶೇಕಡಾವಾರು ಎಷ್ಟೇ ಏರಿದರೂ ಇದನ್ನು ಸರಿಪಡಿಸದ ಶಿಕ್ಷಣವನ್ನು ಯಶಸ್ವಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕೊನೆಯದಾಗಿ ಶಿಕ್ಷಕರ ವಿಷಯ. 1903ರಷ್ಟು ಹಿಂದೆಯೇ ಡ್ಯೂಯಿ ಒಂದು ಲೇಖನದಲ್ಲಿ ಕೇಳಿದರು: ಪಾಠಕ್ರಮ, ಪಠ್ಯಪುಸ್ತಕ, ಬೋಧನಾ ಕ್ರಮ ಯಾವುದನ್ನೂ ತೀರ್ಮಾನಿಸುವಲ್ಲಿ ಶಿಕ್ಷಕರಿಗೆ ಮಾತಿಲ್ಲದ ಶಾಲೆ ಪ್ರಜಾಪ್ರಭುತ್ವವನ್ನು ಕಲಿಸುವುದು ಹೇಗೆ? ಅವರ ಶಾಲೆಯಲ್ಲಿ ಶಿಕ್ಷಕರು ವಾರಕ್ಕೊಮ್ಮೆ ಕೂಡಿ, ಆ ವಾರ ಮಕ್ಕಳು ಏನು ಮಾಡಿದರು, ಎಲ್ಲಿ ತಡವರಿಸಿದರು ಎಂದು ಚರ್ಚಿಸುತ್ತಿದ್ದರು, ವರದಿ ಬರೆದಿಡುತ್ತಿದ್ದರು. ಆ ವರದಿಗಳಿಂದಲೇ ಮುಂದಿನ ಪಾಠ ಹುಟ್ಟುತ್ತಿತ್ತು. ಈ ವಿಚಾರಗಳನ್ನು ರೂಪಿಸುವುದರಲ್ಲಿ ಡ್ಯೂಯಿಗೆ ಜೊತೆಯಾದವರು ಎಲ್ಲಾ ಫ್ಲಾಗ್ ಯಂಗ್. ದೀರ್ಘಕಾಲ ಶಾಲಾ ಶಿಕ್ಷಕಿಯಾಗಿದ್ದ ಅವರು 1909ರಲ್ಲಿ ಷಿಕಾಗೊ ನಗರದ ಶಾಲೆಗಳ ಮುಖ್ಯಸ್ಥೆಯಾದರು ಮತ್ತು ಶಿಕ್ಷಕರ ಸಮಿತಿಗಳಿಗೆ ನಿಜವಾದ ಅಧಿಕಾರ ಬೇಕೆಂದು ಕೊನೆಯವರೆಗೆ ಹೋರಾಡಿದರು.

ನಮ್ಮಲ್ಲಿ ಇದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ. ಪ್ರತಿ ಕ್ಲಸ್ಟರಿನಲ್ಲಿ ಶಿಕ್ಷಕರ ಸಮಾಲೋಚನಾ ಸಭೆ ಎಂಬುದಿದೆ. ಆ ಸಭೆಯ ಬಹುಪಾಲು ಸಮಯ ಸುತ್ತೋಲೆ ಓದುವುದರಲ್ಲಿ, ಆನ್‌ಲೈನ್ ದಾಖಲೆ ತುಂಬುವ ಗಡುವು ನೆನಪಿಸುವುದರಲ್ಲಿ, ಮೊಟ್ಟೆ, ಸಮವಸ್ತ್ರ, ಶೂಗಳ ಲೆಕ್ಕ ಒಪ್ಪಿಸುವುದರಲ್ಲಿ ಕಳೆಯುತ್ತದೆ ಎಂಬುದು ಶಿಕ್ಷಕರ ಸಾಮಾನ್ಯ ಅಳಲು. ಆ ಲೆಕ್ಕಗಳೂ ಬೇಕು. ಹಸಿದ ಮಗು ಕಲಿಯಲಾರದು. ಆದರೆ ಅವು ಲಿಖಿತವಾಗಿ ಬರಲಿ, ಸಭೆ ಶಿಕ್ಷಕರದ್ದಾಗಲಿ. ಪ್ರತಿ ಸಭೆಯಲ್ಲಿ ಒಬ್ಬ ಶಿಕ್ಷಕಿಗೆ ಒಂದು ಪೂರ್ತಿ ಗಂಟೆ ಸಿಗಲಿ. ತನ್ನ ತರಗತಿಯ ಮಕ್ಕಳು ಆ ತಿಂಗಳು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಆಕೆ ತರಲಿ, ಅದರ ಬೆನ್ನು ಹತ್ತಿ ಮಕ್ಕಳೊಂದಿಗೆ ತಾನು ಎಲ್ಲಿಗೆ ಹೋದೆ, ಎಲ್ಲಿ ನಿಂತೆ ಎಂದು ಹೇಳಲಿ, ಉಳಿದವರು ತಮ್ಮ ಊರಿನಲ್ಲಿ ಅದನ್ನು ಹೇಗೆ ಮುಂದುವರಿಸಬಹುದೆಂದು ಚರ್ಚಿಸಲಿ. ಅದರ ಎರಡು ಪುಟದ ವರದಿಯನ್ನು ಸಂಪನ್ಮೂಲ ವ್ಯಕ್ತಿಗಳು ಬರೆದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಕಳಿಸಲಿ, ಡಯಟ್ ಅದನ್ನು ಓದಿ ಉತ್ತರ ಬರೆಯಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಅನುದಾನ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು. ಬರುವ ಶೈಕ್ಷಣಿಕ ವರ್ಷದಲ್ಲಿ ಒಂದೇ ಒಂದು ತಾಲ್ಲೂಕಿನಲ್ಲಾದರೂ ಇದನ್ನು ನಡೆಸಿ ನೋಡಬೇಕೆಂದು ಈ ವೇದಿಕೆಯಿಂದ ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.